ಕೊಲಾಜೆನ್ ಇಲ್ಲದ ಕೊಲಾಜೆನ್ ಸೂಜಿ

ಭಾನುವಾರ ಮಗಳ ಮದುವೆ, ಇವತ್ತೇ ಕೊಲಾಜೆನ್ ಹಾಕಿಸಿಕೊಂಡರೆ ಕೆನ್ನೆ ತುಂಬುತ್ತಾ ಅಂತ ಜಯನಗರದಿಂದ ನಮ್ಮ ಅತ್ತಿಗೆ ಫೋನ್ ಮಾಡಿದ್ದರು. ತುಂಬಲ್ಲ ಅತ್ತಿಗೆ. ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನು ಕೊಲಾಜೆನ್, ಆ ಸೂಜಿಯಲ್ಲಿ ಅದೇ ಇರಲ್ಲ!

ಇರುವುದು ಪಾಲಿ-ಎಲ್-ಲ್ಯಾಕ್ಟಿಕ್ ಆಸಿಡ್ ಪುಡಿ, ಮೈಯಲ್ಲೇ ಕರಗುವ ಹೊಲಿಗೆ ದಾರದ ನೆಂಟ. ಕಣಗಳು 40ರಿಂದ 63 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಮೈ ಕಾಯುವ ಮ್ಯಾಕ್ರೊಫೇಜ್ ಕೋಶಗಳಿಗೆ ಇದು ನುಂಗಲಾರದ ತುತ್ತು, ಹಾಗಾಗಿ ಸುಮ್ನೆ ಸುತ್ತುವರಿದು ಕೂರುತ್ತವೆ, ಅವುಗಳ ಕೂಗಿಗೆ ಫೈಬ್ರೊಬ್ಲಾಸ್ಟ್ ಅನ್ನುವ ನೇಕಾರ ಕೋಶಗಳು ಬಂದು ಕೊಲಾಜೆನ್ ನೇಯುತ್ತವೆ. ಗಾಂಧಿ ಬಜಾರಿನಲ್ಲಿ ಕಾರೊಂದು ಕೆಟ್ಟು ನಿಂತರೆ ಜನ ಸೇರುತ್ತಾರೆ, ಜನ ನೋಡಿ ಚುರುಮುರಿ ಗಾಡಿ ಬರುತ್ತದೆ. ಕೊನೆಗೆ ಕಾರು ಹೋದರೂ ಗಾಡಿ ಅಲ್ಲೇ ಉಳಿಯುತ್ತದೆ, ಅಲ್ವಾ? ಪುಡಿ ಕರಗಿ ನೀರು, ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಕೊಲಾಜೆನ್ ಮಾತ್ರ ಸುಮಾರು ಎರಡು ವರ್ಷ ಇರುತ್ತದೆ.

ಅಮೆರಿಕ ಇದನ್ನು 2004ರಲ್ಲಿ ಮೊದಲು ಒಪ್ಪಿದ್ದು ಅಂದಕ್ಕಲ್ಲ, ಎಚ್‌ಐವಿಯಿಂದ ಕೆನ್ನೆ ಬತ್ತಿದವರಿಗೆ. ನೂರು ವರ್ಷ ಹಿಂದೆ ಮುಖಕ್ಕೆ ಪ್ಯಾರಾಫಿನ್ ಮೇಣ ಚುಚ್ಚುತ್ತಿದ್ದರು, ಅದು ಗಂಟುಗಟ್ಟಿ ಮುಖವೇ ಕೆಡುತ್ತಿತ್ತು.

ಗಂಟಿನ ಕಾಟ ಇದಕ್ಕೂ ಇತ್ತು. ಒಂದು ಬಾಟಲಿ ಪುಡಿಯನ್ನು ಮೊದಲು 3ರಿಂದ 5 ಎಂ.ಎಲ್. ನೀರಿನಲ್ಲಿ ಕಲಸುತ್ತಿದ್ದರು. ನೀರು ಕಮ್ಮಿಯಾದ ಉಪ್ಪಿಟ್ಟೇ! ಈಗ 8–9 ಎಂ.ಎಲ್. ಹಾಕುತ್ತಾರೆ. ಆಮೇಲೆ ಕೈಚಳಕ. ಕೆನ್ನೆಯಲ್ಲಿ ಒಂದೇ ತೂತು, ಅದರೊಳಗೆ ಕ್ಯಾನ್ಯುಲಾ ಅನ್ನುವ ಮೊಂಡು ತುದಿಯ ಟೊಳ್ಳು ಸೂಜಿ. ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕೆ ತೂರಿಸಿ, ಹಿಂದಕ್ಕೆ ಎಳೆಯುತ್ತಾ ಸ್ವಲ್ಪ ಸ್ವಲ್ಪವೇ ಬಿಡಬೇಕು, ಮತ್ತೆ ಪಕ್ಕಕ್ಕೆ ತಿರುಗಿಸಿ ಇನ್ನೊಂದು ಗೆರೆ, ಹೀಗೆ ಬೀಸಣಿಗೆಯ ಆಕಾರದಲ್ಲಿ. ರಂಗೋಲಿ ಎಳೆ ಬಿಟ್ಟ ಹಾಗೆ, ಕೈ ನಿಂತರೆ ಪುಡಿ ಗುಡ್ಡೆ. ಚರ್ಮಕ್ಕೆ ತೀರಾ ಹತ್ತಿರ ಬಿಟ್ಟರೂ ಗಂಟು ಎದ್ದು ಕಾಣುತ್ತದೆ. ತುಟಿಗಂತೂ ಬೇಡವೇ ಬೇಡ. ಅಲ್ಲಿನ ಸ್ನಾಯು ಸದಾ ಆಡುತ್ತಾ ಕಣಗಳನ್ನು ಒಟ್ಟಿಗೆ ತಳ್ಳುತ್ತದೆ. ಮನೆಗೆ ಬಂದ ಮೇಲೆ ದಿನಕ್ಕೆ 5 ಸಲ, 5 ನಿಮಿಷ, 5 ದಿನ ಮಸಾಜ್ ಮಾಡಿ ಅಂತ ಡಾಕ್ಟರು ಹೇಳುವುದೂ ಇದಕ್ಕೇ.

ಪಾರ್ಲರಿನಲ್ಲಿ ಅರ್ಧ ರೇಟು ಅನ್ನುವವರಿಗೆ ಒಂದು ಮಾತು. ಕೆನ್ನೆ ತುಂಬಿಸಲು ಚುಚ್ಚುವ ಇನ್ನೊಂದು ಜೆಲ್, ಹಯಲುರಾನಿಕ್ ಫಿಲ್ಲರ್, ರಕ್ತನಾಳಕ್ಕೆ ಹೋದರೆ ಕರಗಿಸುವ ಔಷಧಿಯಾದರೂ ಇದೆ. ಇದಕ್ಕೆ ಅದೂ ಇಲ್ಲ, ಕಣ್ಣೇ ಹೋಗಬಹುದು.

ಚುಚ್ಚಿದ ದಿನ ಕೆನ್ನೆ ಉಬ್ಬುತ್ತದೆ ನಿಜ. ಅದು ನೀರು, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ನಿಜವಾದ ತುಂಬು ಕಾಣಲು ತಿಂಗಳುಗಳೇ ಬೇಕು, ಅದೂ ಎರಡು ಮೂರು ಸಲ ಹಾಕಿಸಿಕೊಂಡ ಮೇಲೆ. ಇಷ್ಟೆಲ್ಲಾ ಕೇಳಿ ಅತ್ತಿಗೆ ಹೇಳಿದ್ದು: "ಹೋಗ್ಲಿ ಬಿಡು, ಸೀಮಂತಕ್ಕೆ ಸರಿಹೋಗುತ್ತೆ."