ಸೀಲ್ ಬೇರೆ, ಪ್ಯಾಕಿಂಗ್ ಬೇರೆ

ಕಬ್ಬಿನ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ ಕಡೆಯ ಗ್ಯಾರೇಜುಗಳಲ್ಲಿ ಒಂದೇ ಮಾತು: ‘ಸೀಲ್ ಹೋಗೇತಿ.’ ಪಿಕಪ್‌ನ ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರುಗಳ ಡಬ್ಬಿ) ಮುಂದೆ ಎಣ್ಣೆ ಜಿನುಗಿದರೂ ಸೀಲ್, ಹಿಂದಿನ ಕವರಿನ ಅಂಚು ಒದ್ದೆಯಾದರೂ ಸೀಲ್, ಡ್ರೇನ್ ಬೋಲ್ಟಿನ ವಾಷರ್ ಹೋದರೂ ಸೀಲ್. ಮೊನ್ನೆ ಒಬ್ಬರು ಅಂಗಡಿಯಲ್ಲಿ ‘ಸೀಲಿಗೆ ಹಚ್ಚೋ ಪೇಸ್ಟ್ ಕೊಡ್ರಿ’ ಅಂತ ಕೇಳುತ್ತಿದ್ದರು. ಸೀಲಿನ ತುಟಿಗೆ ಪೇಸ್ಟ್ ಹಚ್ಚಲೇಬಾರದು. ಇದನ್ನು ಇನ್ನೆಷ್ಟು ಸಲ ಹೇಳಬೇಕು?

ತಪ್ಪಿನ ಬೇರು ಪದದಲ್ಲೇ ಇದೆ. ಸೀಲ್ ಅನ್ನೋದು ಲ್ಯಾಟಿನ್‌ನ ‘ಸಿಗಿಲ್ಲುಮ್’ನಿಂದ ಬಂದದ್ದು. ‘ಸಿಗ್ನುಮ್’ ಅಂದರೆ ಗುರುತು, ಸಿಗಿಲ್ಲುಮ್ ಅಂದರೆ ಪುಟ್ಟ ಗುರುತು. ಮಡಚಿದ ಪತ್ರದ ಮೇಲೆ ಅರಗು ಸುರಿದು ಉಂಗುರ ಒತ್ತಿದರೆ ಮೂಡುತ್ತಿತ್ತಲ್ಲ, ಅದು. ಅರಗು ಒಡೆಯದೆ ಪತ್ರ ಬಿಚ್ಚುವಂತಿರಲಿಲ್ಲ. ಹಾಗಾಗಿ ಗುರುತಿನ ಜೊತೆಗೆ ‘ಬಿಗಿಯಾಗಿ ಮುಚ್ಚಿದ್ದು’ ಅನ್ನೋ ಅರ್ಥವೂ ಸೇರಿಕೊಂಡಿತು. ನಮ್ಮಲ್ಲಿ ಎರಡೂ ಬಳಕೆಯಲ್ಲಿವೆ. ತಹಶೀಲ್ದಾರ್ ಕಚೇರಿಯಲ್ಲಿ ಸೀಲ್ ಒತ್ತುತ್ತಾರೆ, ತೆರಿಗೆ ಕಟ್ಟದ ಅಂಗಡಿಗೆ ಸೀಲ್ ಹಾಕುತ್ತಾರೆ. ಮೊದಲನೆಯದಕ್ಕೆ ಪಾರ್ಸಿಯಿಂದ ಬಂದ ‘ಮೊಹರು’ ಮುಂಚಿನಿಂದಲೂ ಇತ್ತು. ಎರಡೂ ಕಡೆ, ಹಾಕಿದ್ದು ಅಲ್ಲಾಡಬಾರದು.

ತಿರುಗುವ ಶಾಫ್ಟಿನ (ದಂಡದ) ಸುತ್ತ ಎಣ್ಣೆ ತಡೆಯುವ ಆಯಿಲ್ ಸೀಲ್ ಹಾಗಲ್ಲ. ಅದರ ಹೊರಸುತ್ತು ಮಾತ್ರ ಹೌಸಿಂಗ್‌ನಲ್ಲಿ (ಲೋಹದ ಹೊರಕವಚದಲ್ಲಿ) ಗಟ್ಟಿಯಾಗಿ ಕೂತಿರುತ್ತದೆ. ಒಳಗಿನ ರಬ್ಬರ್ ತುಟಿ ತಿರುಗುವ ಲೋಹಕ್ಕೆ ತಾಗಿಕೊಂಡೇ ಇರಬೇಕು, ಅಂಟಿಕೊಳ್ಳಬಾರದು. ನಡುವೆ ಕೂದಲಿಗಿಂತ ತೆಳ್ಳಗೆ ಎಣ್ಣೆಯ ಪದರ ಇರುತ್ತದೆ. ಅದು ಇಲ್ಲದಿದ್ದರೆ ತುಟಿ ಬಿಸಿಯಾಗಿ ಗಡುಸಾಗುತ್ತದೆ, ಸೀಳುತ್ತದೆ. ತುಟಿಯ ಹಿಂದೆ ಬಳೆಯಂಥ ಸಣ್ಣ ಸ್ಪ್ರಿಂಗ್ ಇದೆ. ಆ ಮಗ್ಗುಲು ಎಣ್ಣೆಯ ಕಡೆಗೆ ಬರಬೇಕು. ಮೈಮೇಲೆ 40-62-10 ಅಂತ ಇದ್ದರೆ ಶಾಫ್ಟ್ 40 ಮಿ.ಮೀ., ಹೌಸಿಂಗ್ ತೂತು 62, ದಪ್ಪ 10.

ಪ್ಯಾಕಿಂಗ್ ಅನ್ನೋ ತೆಳು ಹಾಳೆ ಕೂರುವುದು ಅಲ್ಲಾಡದ ಎರಡು ಮುಖಗಳ ನಡುವೆ. ಹಿಂದಿನ ಕವರಿಗೆ ಇರುವುದು ಅದೇ. ಪೇಸ್ಟ್ ಅಲ್ಲಿ ಹಚ್ಚಿ.

ಡಿಫರೆನ್ಷಿಯಲ್ ಸೀಲ್ ಅಂದಾಗಲೂ ಯಾವುದು ಅಂತ ಹೇಳಬೇಕು. ಮುಂದೆ ಪಿನಿಯನ್‌ಗೆ (ಎಂಜಿನ್ ಕಡೆಯಿಂದ ಬಲ ತರುವ ಸಣ್ಣ ಗೇರಿಗೆ) ಒಂದಿದೆ, ಎರಡೂ ಚಕ್ರದ ಕಡೆ ಆಕ್ಸಲ್‌ಗೆ (ಚಕ್ರ ತಿರುಗಿಸುವ ದಂಡಕ್ಕೆ) ಒಂದೊಂದಿದೆ. ಪಿನಿಯನ್ ಸೀಲ್ ಸೋರಿದರೆ ಗಾಡಿಯ ಅಡಿಭಾಗಕ್ಕೆ ಎಣ್ಣೆ ಸಿಡಿದಿರುತ್ತದೆ. ಆಕ್ಸಲ್ ಸೀಲ್ ಸೋರಿದರೆ ಎಣ್ಣೆ ಡ್ರಮ್ಮಿನೊಳಗೆ ಇಳಿದು ಬ್ರೇಕ್ ಶೂ ನೆನೆಯುತ್ತದೆ. ಅದನ್ನು ‘ನಾಳೆ ನೋಡೋಣ’ ಅನ್ನಬೇಡಿ. ನೆನೆದ ಶೂ ಕೂಡ ಬದಲಿಸಬೇಕು.

ಮನೆಯಲ್ಲೇ ಪಿನಿಯನ್ ಸೀಲ್ ಬದಲಿಸುವವರು ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಎಣ್ಣೆ ಇಳಿಸುವ ಮೊದಲು ತುಂಬುವ ಪ್ಲಗ್ ಬಿಚ್ಚಿ ನೋಡಿ. ಅದು ಜಾಮ್ ಆಗಿದ್ದರೆ ಆಮೇಲೆ ತುಂಬಲು ದಾರಿಯಿಲ್ಲ. ನಟ್ಟು, ಪಿನಿಯನ್ ಶಾಫ್ಟ್, ಅದರ ತುದಿಗೆ ಕೂರುವ ಫ್ಲಾಂಜ್ ಮೂರಕ್ಕೂ ಗುರುತು ಹಾಕಿ. ಕೆಲವು ಗಾಡಿಗಳಲ್ಲಿ ಒಳಗೆ, ನಟ್ಟು ಬಿಗಿದಂತೆ ಕುಗ್ಗುವ ಕೊಳವೆಯಂಥ ಸ್ಲೀವ್ ಇರುತ್ತದೆ. ಗುರುತು ದಾಟಿ ಸುಮ್ನೆ ಬಿಗಿದರೆ ಬೇರಿಂಗ್ ಬಿಗಿಯಾಗಿ ಬಿಸಿಯಾಗುತ್ತದೆ, ಕ್ರೌನ್ (ಪಿನಿಯನ್ ತಿರುಗಿಸುವ ದೊಡ್ಡ ಗೇರು) ಕೂಗತೊಡಗುತ್ತದೆ. ಕಂಪನಿಯ ಪುಸ್ತಕದ ಅಳತೆ ಸಿಕ್ಕರೆ ಅದನ್ನೇ ಪಾಲಿಸಿ. ತುಟಿ ತಾಗುವ ಜಾಗದಲ್ಲಿ ಫ್ಲಾಂಜ್ ಮೇಲೆ ಉಗುರು ಆಡಿಸಿ. ಗೆರೆ ಉಗುರಿಗೆ ಸಿಕ್ಕರೆ ಹೊಸ ಸೀಲ್ ಕೂಡ ಸೋರುತ್ತದೆ. ತುಟಿಗೆ ಗೇರ್ ಆಯಿಲ್ ಸವರಿ, ಸೀಲನ್ನು ಓರೆಯಾಗದಂತೆ ಸುತ್ತ ಸಮನಾಗಿ ತಟ್ಟಿ ಕೂರಿಸಿ. ಎಣ್ಣೆ ತುಂಬುವ ತೂತಿನ ಕೆಳ ಅಂಚಿನವರೆಗೆ ಸಾಕು, ಜಾಸ್ತಿ ಬೇಡ.

ಹೊಸ ಸೀಲ್ ಹಾಕಿದ ಮೇಲೂ ಸೋರಿದರೆ ಹೌಸಿಂಗ್ ಮೇಲೆ ಗಾಳಿ ಹೊರಬಿಡುವ ಬ್ರೀದರ್ ನೋಡಿ. ನಮ್ಮ ಎರೆ ಮಣ್ಣಿನ ಹೊಲದ ದಾರಿಯಲ್ಲಿ ಅದು ಕೆಸರು ಮೆತ್ತಿ ಮುಚ್ಚಿಹೋಗುತ್ತದೆ. ಒಳಗೆ ಬಿಸಿಯಾದ ಗಾಳಿಗೆ ಹೊರಹೋಗಲು ಬೇರೆ ದಾರಿ ಇಲ್ಲದೆ ಎಣ್ಣೆಯನ್ನು ತುಟಿ ದಾಟಿಸಿ ತಳ್ಳುತ್ತದೆ. ಆಗ ಬ್ರೀದರ್ ಬಿಚ್ಚಿ ತೊಳೆದರೆ ಸಾಕು, ಸೀಲ್ ಮುಟ್ಟುವ ಕೆಲಸವಿಲ್ಲ.