ಅಡುಗೆಮನೆಯ ಪ್ರಿಂಟರಿಗೆ ಇಂಟರ್‌ನೆಟ್ ಬೇಕಿಲ್ಲ

ಮುಂಬಯಿಯ ಮಾಟುಂಗ, ಫೋರ್ಟ್, ಘಾಟ್‌ಕೋಪರ್ ಕಡೆಯ ನಮ್ಮವರ ಹೋಟೆಲುಗಳಲ್ಲಿ ಸರಿಯಾಗಿ ಊಟದ ಹೊತ್ತಿಗೇ ಕೇಳಿಬರುವ ಮಾತು: "ನೆಟ್ ಹೋಯ್ತು ಮಾರಾಯ್ರೆ!" ಯಾವ ನೆಟ್ ಎಂದರೆ ಉತ್ತರವಿಲ್ಲ. ಗಲ್ಲಾದ ಕಂಪ್ಯೂಟರಿನಿಂದ ಅಡುಗೆಮನೆಗೆ ಕೆಒಟಿ (ಆರ್ಡರಿನ ಚೀಟಿ) ಹೋಗುತ್ತಿಲ್ಲವೋ, ಆನ್‌ಲೈನ್ ಆರ್ಡರ್ ಬರುತ್ತಿಲ್ಲವೋ, ಥಾಣೆ ಶಾಖೆಯ ಲೆಕ್ಕ ಕಾಣುತ್ತಿಲ್ಲವೋ? ಮೂರೂ ಬೇರೆ ಬೇರೆ ಜಾಲದ ಕಾಯಿಲೆ. ಕರೆಯಬೇಕಾದ ವೈದ್ಯರೂ ಬೇರೆ.

ನಿಮ್ಮ ಗೋಡೆಯೊಳಗಿನ ಜಾಲ ಲ್ಯಾನ್. ನಡುವೆ ಒಂದು ಸ್ವಿಚ್, ಅಂದರೆ ಕೇಬಲುಗಳೆಲ್ಲ ಬಂದು ಸೇರುವ ಡಬ್ಬಿ. ಅದರಿಂದ ಬಿಲ್ಲಿಂಗ್ ಕಂಪ್ಯೂಟರ್, ಕೆಒಟಿ ಪ್ರಿಂಟರ್, ಕ್ಯಾಮೆರಾದ ರೆಕಾರ್ಡರ್, ವೈಫೈ ಪೆಟ್ಟಿಗೆ ಒಂದೊಂದಕ್ಕೂ ಒಂದೊಂದು ಕೇಬಲ್. ಪಠ್ಯಪುಸ್ತಕದ ಸ್ಟಾರ್ ಟೊಪಾಲಜಿ ಇದೇ. ಒಂದು ಕೇಬಲ್ ಹೋದರೆ ಒಂದೇ ಸಾಧನ ಸಾಯುತ್ತದೆ, ಸ್ವಿಚ್ ಹೋದರೆ ಎಲ್ಲವೂ. ಗಲ್ಲಾದಿಂದ ಹೊರಟ ಕೆಒಟಿ ಸ್ವಿಚ್ಚಿಗೆ ಹೋಗಿ ಅಡುಗೆಮನೆ ಸೇರುತ್ತದೆ, ಬೀದಿಗೆ ಇಳಿಯುವುದೇ ಇಲ್ಲ. ಹಾಗಾಗಿ ಇಂಟರ್‌ನೆಟ್ ಸತ್ತರೂ ಅದು ಬರಲೇಬೇಕು. ಪೂರ್ತಿ ಕ್ಲೌಡ್ ಮೇಲೆ, ಅಂದರೆ ಇಂಟರ್‌ನೆಟ್ಟಿನಾಚೆಯ ಕಂಪ್ಯೂಟರಿನಲ್ಲಿ, ಓಡುವ ಬಿಲ್ಲಿಂಗ್ ತಂತ್ರಾಂಶವಾದರೆ ಮಾತ್ರ ಈ ಭರವಸೆ ಇಲ್ಲ. ಕೊಳ್ಳುವ ಮುಂಚೆ ರೂಟರಿನ (ಇಂಟರ್‌ನೆಟ್ಟನ್ನು ಒಳಗಿನ ಜಾಲಕ್ಕೆ ಸೇರಿಸುವ ಪೆಟ್ಟಿಗೆ) ಹೊರಗಿನ ವೈರ್ ಕಿತ್ತು, ಒಂದು ಮಸಾಲೆ ದೋಸೆಯ ಆರ್ಡರ್ ಹಾಕಿಸಿ ನೋಡಿ.

ಕೆಒಟಿ ನಿಲ್ಲುವುದಕ್ಕೆ ಸಾಮಾನ್ಯ ಕಾರಣ ವಿಳಾಸ. ರೂಟರ್ ಪ್ರತಿ ಸಾಧನಕ್ಕೂ ತಾತ್ಕಾಲಿಕವಾಗಿ ಐಪಿ ವಿಳಾಸ ಹಂಚುತ್ತದೆ, ಅದೇ ಡಿಎಚ್‌ಸಿಪಿ. ನಿನ್ನೆ 192.168.10.60 ಆಗಿದ್ದ ಪ್ರಿಂಟರ್ ಕರೆಂಟ್ ಹೋಗಿ ಬಂದ ಮೇಲೆ 63 ಆಗಿರಬಹುದು; ಗಲ್ಲಾದ ಕಂಪ್ಯೂಟರ್ ಇನ್ನೂ 60ರ ಬಾಗಿಲನ್ನೇ ಬಡಿಯುತ್ತಿರುತ್ತದೆ. ರೂಟರಿನಲ್ಲಿ ಹಂಚಿಕೆಗೆ 50ರಿಂದ 150 ಎಂದು ಗೊತ್ತು ಮಾಡಿ, ಪ್ರಿಂಟರಿಗೆ 200ನ್ನು ಖಾಯಂ ಕೊಟ್ಟು, ಅದನ್ನು ಪ್ರಿಂಟರಿನ ಮೈಮೇಲೆ ಮಾರ್ಕರಿನಲ್ಲಿ ಬರೆದಿಡಿ.

ಎರಡನೆಯ ಕಾರಣ ಹಳೆಯ ವೈಫೈ ರೂಟರ್. ಮಾಳಿಗೆಯಲ್ಲಿ ಸಿಗ್ನಲ್ ಇಲ್ಲವೆಂದು ಯಾರೋ ಮನೆಯಿಂದ ತಂದು ಸಿಕ್ಕಿಸುತ್ತಾರೆ. ಅದೂ ವಿಳಾಸ ಹಂಚತೊಡಗುತ್ತದೆ. ಒಂದೇ ಓಣಿಯಲ್ಲಿ ಇಬ್ಬರು ಮನೆ ನಂಬರ್ ಕೊಟ್ಟ ಹಾಗೆ; ಅರ್ಧ ಫೋನುಗಳು ದಾರಿ ತಪ್ಪುತ್ತವೆ. ಅದರ ಡಿಎಚ್‌ಸಿಪಿ ನಿಲ್ಲಿಸಿ, ಅದಕ್ಕೆ ಬೇರೆ ಖಾಲಿ ವಿಳಾಸ ಕೊಟ್ಟು, ಕೇಬಲನ್ನು ವ್ಯಾನ್ (ಹೊರಗಿನ ಜಾಲದ) ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಹಾಕಿ. ಇನ್ನೊಂದು ಅವಾಂತರ, ಗುಡಿಸುವಾಗ ಬಿಚ್ಚಿಕೊಂಡ ಕೇಬಲಿನ ಎರಡೂ ತುದಿಯನ್ನು ಒಂದೇ ಸ್ವಿಚ್ಚಿಗೆ ಚುಚ್ಚುವುದು. ಎಲ್ಲ ದೀಪಗಳೂ ಒಟ್ಟಿಗೆ ಪಟಪಟನೆ ಮಿನುಗುತ್ತಾ ಇಡೀ ಲ್ಯಾನ್ ಮಂಕಾಗಿದ್ದರೆ ಮೊದಲು ಈ ಉರುಳನ್ನೇ ಹುಡುಕಿ.

ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ಶುದ್ಧ ತಾಮ್ರದ ಕ್ಯಾಟ್ 6 ಕೇಳಿ ಪಡೆಯಿರಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರ್ ಅಗ್ಗ, ಆದರೆ ರೋಧ ಹೆಚ್ಚು. ಪಿಒಇಯಲ್ಲಿ ಕ್ಯಾಮೆರಾಕ್ಕೆ ವಿದ್ಯುತ್ತೂ ಅದೇ ಕೇಬಲಿನಲ್ಲಿ ಹೋಗುತ್ತದೆ. ಹಗಲೆಲ್ಲ ಸರಿಯಿದ್ದ ಕ್ಯಾಮೆರಾ ಕತ್ತಲಾಗಿ ಇನ್‌ಫ್ರಾರೆಡ್ ದೀಪ ಹೊತ್ತಿದೊಡನೆ ಆರಿ ಮತ್ತೆ ಶುರುವಾಗುತ್ತಿದ್ದರೆ, ತಪ್ಪು ಕ್ಯಾಮೆರಾದ್ದಲ್ಲ, ಈ ವೈರಿನದೇ ಇರಬಹುದು. ಉದ್ದ 100 ಮೀಟರ್ ದಾಟಬಾರದು. ಕನೆಕ್ಟರ್ ಒತ್ತುವಾಗ ಎರಡೂ ತುದಿಯಲ್ಲಿ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. 100 ಎಂಬಿಪಿಎಸ್‌ಗೆ 1, 2, 3, 6ನೇ ತಂತಿ ಸಾಕು; ಗಿಗಾಬಿಟ್‌ಗೆ, ಅಂದರೆ ಅದರ ಹತ್ತು ಪಟ್ಟು ವೇಗಕ್ಕೆ, ಎಂಟೂ ಬೇಕು. ಗಿಗಾಬಿಟ್ ಸ್ವಿಚ್ಚಿದ್ದೂ ವೇಗ 100ಕ್ಕೆ ಇಳಿದಿದ್ದರೆ ನೀಲಿ ಅಥವಾ ಕಂದು ಜೋಡಿ ಪರೀಕ್ಷಿಸಿ. ಪ್ರಿಂಟರ್ ಕೇಬಲ್ ಕಾವಲಿಯ ಹತ್ತಿರ ಹಾಯುವುದು ಬೇಡ. ಎಣ್ಣೆಹೊಗೆ, ಹಬೆ ಎರಡೂ ಸೇರಿ ಕನೆಕ್ಟರಿನ ಪಿನ್ನುಗಳು ಕಿಲುಬು ಹಿಡಿಯುತ್ತವೆ.

ರೂಟರಿನ ವ್ಯಾನ್ ಪೋರ್ಟಿನಿಂದಾಚೆ ನಿಮ್ಮ ರಾಜ್ಯವಲ್ಲ. ಫೈಬರ್ ಸೇರುವ ಡಬ್ಬಿಯಲ್ಲಿ ಎಲ್‌ಒಎಸ್ ದೀಪ ಕೆಂಪಾದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ರೂಟರನ್ನು ಎಷ್ಟು ಸಲ ಆರಿಸಿ ಹಚ್ಚಿದರೂ ಅಷ್ಟೆ. ಊರಿನ ಮಟ್ಟದ ಜಾಲವಾದ ಮ್ಯಾನ್‌ನಲ್ಲಿ ಕಂಪನಿಗಳು ಫೈಬರನ್ನು ಹೆಚ್ಚಾಗಿ ರಿಂಗ್ ಆಗಿ ಎಳೆಯುತ್ತವೆ. ರಸ್ತೆ ಅಗೆತದಲ್ಲಿ ಒಂದು ಕಡೆ ತುಂಡಾದರೆ ಸಂಚಾರ ಇನ್ನೊಂದು ಕಡೆಯಿಂದ ಬಳಸಿ ಬರುತ್ತದೆ. ಆದರೆ ಆ ರಿಂಗ್‌ನಿಂದ ನಿಮ್ಮ ಕಟ್ಟಡಕ್ಕೆ ಬರುವುದು ಒಂದೇ ಎಳೆ, ಮಳೆಗಾಲದಲ್ಲಿ ಮರದ ಕೊಂಬೆ ಬೀಳುವುದೂ ಅದರ ಮೇಲೆಯೇ. ಅಲ್ಲಿಂದಾಚೆ ಊರೂರು, ದೇಶದೇಶಗಳನ್ನು ಜೋಡಿಸುವ ವ್ಯಾನ್, ವರ್ಸೋವಾ ದಂಡೆಯಲ್ಲಿ ದಡ ಸೇರುವ ಕಡಲಡಿಯ ಕೇಬಲುಗಳೂ ಅದರ ಭಾಗ. ಯುಪಿಐ ಸೌಂಡ್‌ಬಾಕ್ಸ್ ಹೆಚ್ಚಾಗಿ ಒಳಗಿನ ಸಿಮ್ ಮೇಲೆ ಓಡುತ್ತದೆ, ಹಾಗಾಗಿ ಅದು ಮಾತಾಡಿದ ಮಾತ್ರಕ್ಕೆ ನಿಮ್ಮ ನೆಟ್ ಸರಿಯಿದೆ ಎಂದಲ್ಲ.

ಪತ್ತೆಗೆ ಮೂರು ಪಿಂಗ್ ಸಾಕು. ಪಿಂಗ್ ಎಂದರೆ ಕಂಪ್ಯೂಟರಿನಿಂದ ಒಂದು ವಿಳಾಸಕ್ಕೆ "ಇದ್ದೀಯಾ?" ಎಂದು ಕೂಗಿ ನೋಡುವುದು. ಮೊದಲು ಪ್ರಿಂಟರಿಗೆ, ಆಮೇಲೆ ರೂಟರಿಗೆ, ಕೊನೆಗೆ ಇಂಟರ್‌ನೆಟ್ಟಿನಲ್ಲಿರುವ ಗೂಗಲಿನ 8.8.8.8ಕ್ಕೆ. ಮೊದಲೆರಡರಲ್ಲಿ ಯಾವುದು ಉತ್ತರಿಸದಿದ್ದರೂ ನಿಮ್ಮ ವೈರಿಂಗಿನವನನ್ನು ಕರೆಯಿರಿ, ಮೂರನೆಯದೊಂದೇ ಸತ್ತಿದ್ದರೆ ಇಂಟರ್‌ನೆಟ್ ಕಂಪನಿಯನ್ನು. ಮೂರೂ ಸರಿಯಿದ್ದು ಸೈಟುಗಳಷ್ಟೇ ತೆರೆಯದಿದ್ದರೆ, ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ನೋಡಿ.

ಶಾಖೆಗಳನ್ನು ಜೋಡಿಸುವುದು ವಿಪಿಎನ್, ಅಂದರೆ ಇಂಟರ್‌ನೆಟ್ಟಿನೊಳಗೆ ಕೊರೆದ ಖಾಸಗಿ ಸುರಂಗ. ಒಂದು ಕಡೆಯಾದರೂ ಪಬ್ಲಿಕ್ ಐಪಿ, ಅಂದರೆ ಇಂಟರ್‌ನೆಟ್ಟಿನಲ್ಲಿ ನಿಮ್ಮೊಬ್ಬರದೇ ವಿಳಾಸ, ಇದ್ದರೆ ಕೆಲಸ ಸಲೀಸು. ರೂಟರಿನ ವ್ಯಾನ್ ವಿಳಾಸ 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ನೀವು ಹಲವರ ಜೊತೆ ಒಂದೇ ವಿಳಾಸ ಹಂಚಿಕೊಂಡಿದ್ದೀರಿ. ಕಂಪನಿಯಿಂದ ಸ್ಟ್ಯಾಟಿಕ್, ಅಂದರೆ ಬದಲಾಗದ ಪಬ್ಲಿಕ್ ಐಪಿ ಕೇಳಿ. ಎರಡೂ ಶಾಖೆಯಲ್ಲಿ 192.168.1 ಎಂಬ ಒಂದೇ ಸರಣಿ ಇದ್ದರೆ ಸುರಂಗ ಸಿದ್ಧವಾಗಿದ್ದರೂ ಲೆಕ್ಕ ಬರುವುದಿಲ್ಲ, ಏಕೆಂದರೆ ಕಂಪ್ಯೂಟರ್ ಆ ವಿಳಾಸವನ್ನು ತನ್ನ ಮನೆಯಲ್ಲೇ ಹುಡುಕುತ್ತದೆ. ಮಾಟುಂಗಕ್ಕೆ 192.168.10, ಥಾಣೆಗೆ 192.168.20 ಕೊಡಿ. ಪುಣೆಯಲ್ಲಿ ಮೂರನೆಯದು ತೆರೆಯುವ ಯೋಚನೆ ಇದ್ದರೆ 30ನ್ನು ಈಗಲೇ ಎತ್ತಿಡಿ.