ಒಂದೊಂದೇ ಇಡ್ಲಿ ಬೇಯಿಸಿದರೆ

ಡಿಸ್ಕ್‌ನಿಂದ ಡೇಟಾ ಓದಿಕೊಡುವ ಒಂದು ಲೈಬ್ರರಿ, ಅಂದರೆ ಬೇರೆ ಟೀಂಗಳು ತಮ್ಮ ಪ್ರೋಗ್ರಾಂಗಳಲ್ಲಿ ಬಳಸುವ ಸಿದ್ಧ ಕೋಡ್, ನನ್ನ ಜವಾಬ್ದಾರಿ. ಅದರ ಮೇಲೆ ದೂರು ಬಂದದ್ದು ಈ ವರ್ಷ ಇದು ಮೂರನೇ ಸಲ. ಪಕ್ಕದ ಟೀಂನ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. "ಮೇಡಂ, ನಿಮ್ಮ ಲೈಬ್ರರಿಲಿ ಏನೋ ತೊಂದರೆ ಇದೆ. ಹೊಸ ಎನ್‌ವಿಎಂಇ ಡ್ರೈವ್ ಹಾಕಿದ್ವಿ. ಸೆಕೆಂಡಿಗೆ ಹತ್ತು ಲಕ್ಷ ರೀಡ್ ಅಂತ ಬರೆದಿದ್ದಾರೆ. ನಮಗೆ ಹತ್ತು ಸಾವಿರ ಬರ್ತಿದೆ."

ನಾನು ಕೋಡ್ ನೋಡಲೇ ಇಲ್ಲ. "ಒಂದು ರೀಡ್ ಮುಗಿದ ಮೇಲೆ ಇನ್ನೊಂದು ಕಳಿಸ್ತಿದ್ದೀರಾ?" ಅಂತ ಕೇಳಿದೆ.

"ಮತ್ತೆ ಹೇಗೆ ಮೇಡಂ ಕಳಿಸೋದು?"

ಈ ಅಂಕಣ ಆ "ಮತ್ತೆ ಹೇಗೆ" ಅನ್ನುವುದಕ್ಕೆ. ನನಗೆ ಸಿಟ್ಟು ಬರುತ್ತದೆ, ನಿಜ. ಆದರೆ ತಪ್ಪು ಹುಡುಗರದ್ದಲ್ಲ. ಯಾರದ್ದು ಅಂತ ಆಮೇಲೆ ಹೇಳುತ್ತೇನೆ.

ಮೊದಲು ಲೆಕ್ಕ. ಎನ್‌ವಿಎಂಇ ಅಂದರೆ ಫ್ಲ್ಯಾಶ್ ಚಿಪ್‌ಗಳ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ವೇಗದ ದಾರಿ. ರೀಡ್ ಅಂದರೆ ಡ್ರೈವ್‌ನಿಂದ ಒಂದು ತುಂಡು ಡೇಟಾ ಓದುವುದು. ಸಾಮಾನ್ಯ ಫ್ಲ್ಯಾಶ್ ಡ್ರೈವ್‌ನಿಂದ 4 ಕೆಬಿ ಓದಲು ಸುಮಾರು 100 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಒಂದು ಮುಗಿದ ಮೇಲೇ ಇನ್ನೊಂದು ಅಂದರೆ ಸೆಕೆಂಡಿಗೆ 10,000 ರೀಡ್, ಅಂದರೆ ಸುಮಾರು 40 ಎಂಬಿ. ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೇ ಹಾರ್ಡ್ ಡಿಸ್ಕ್ ಕೂಡ ಸಾಲಾಗಿ ಓದಿದರೆ ಇದಕ್ಕಿಂತ ಜಾಸ್ತಿ ಕೊಡುತ್ತದೆ. ಹಾಗಂತ ಆ ಹತ್ತು ಲಕ್ಷ ಸುಳ್ಳೂ ಅಲ್ಲ.

ಇಡ್ಲಿ ಪಾತ್ರೆ ನೆನಪಿಸಿಕೊಳ್ಳಿ. ಒಂದು ಇಡ್ಲಿ ಇಟ್ಟರೂ ಹನ್ನೆರಡು ನಿಮಿಷ. ಇಪ್ಪತ್ತನಾಲ್ಕು ಇಟ್ಟರೂ ಹೆಚ್ಚುಕಮ್ಮಿ ಹನ್ನೆರಡೇ ನಿಮಿಷ. ಒಂದೊಂದೇ ಇಟ್ಟು, ಬೆಂದ ಮೇಲೆ ತೆಗೆದು, ಮತ್ತೊಂದಕ್ಕೆ ಹಿಟ್ಟು ಹಾಕಿದರೆ ಗಂಟೆಗೆ ಐದು ಇಡ್ಲಿ. ಇಷ್ಟು ಮಾಡಿ "ಒಲೆ ಸರಿ ಇಲ್ಲ, ದೊಡ್ಡದು ತನ್ನಿ" ಅಂದರೆ ಮನೆಯವರು ಏನಂದಾರು? ನನ್ನ ಹತ್ತಿರ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಒಲೆ ಬದಲಾಯಿಸುವ ದೂರುಗಳೇ.

ಡ್ರೈವ್ ಒಳಗೂ ಇದೇ ಕಥೆ. ಅಲ್ಲಿ ಎಷ್ಟೋ ಫ್ಲ್ಯಾಶ್ ಚಿಪ್‌ಗಳಿವೆ. 4 ಕೆಬಿಯ ಒಂದು ರೀಡ್ ಸಾಮಾನ್ಯವಾಗಿ ಒಂದು ಚಿಪ್‌ಗೆ ಕೆಲಸ ಕೊಡುತ್ತದೆ, ಉಳಿದವು ಸುಮ್ನೆ ಕೂತಿರುತ್ತವೆ. ಹತ್ತು ಲಕ್ಷ ಬೇಕಾದರೆ ಯಾವ ಕ್ಷಣ ನೋಡಿದರೂ ಒಳಗೆ ನೂರು ರಿಕ್ವೆಸ್ಟ್ ಬೇಯುತ್ತಿರಬೇಕು. ಹತ್ತು ಲಕ್ಷವನ್ನು 100 ಮೈಕ್ರೋಸೆಕೆಂಡ್‌ನಿಂದ ಗುಣಿಸಿ, ನೂರು ಬರುತ್ತದೆ. ಇದು ನನ್ನ ಸ್ವಂತ ಸೂತ್ರವಲ್ಲ. ಜಾನ್ ಲಿಟಲ್ 1961ರಲ್ಲೇ ಸಾಧಿಸಿ ತೋರಿಸಿದ ನಿಯಮ, ಬ್ಯಾಂಕಿನ ಕ್ಯೂಗೂ ಒಪ್ಪುತ್ತದೆ.

"ಹಾಗಾದ್ರೆ ಐಓ ಯೂರಿಂಗ್ ಹಾಕಿಬಿಡೋಣ" ಅನ್ನುವವರು ಮುಂದಿನ ಸಾಲಿನಲ್ಲಿ ನಿಂತಿರುತ್ತಾರೆ. ಓದುವ, ಬರೆಯುವ ಕೆಲಸಗಳನ್ನು ಒಟ್ಟಿಗೆ ಕೊಡಲು ಲಿನಕ್ಸ್‌ನಲ್ಲಿ ಇರುವ ವ್ಯವಸ್ಥೆ ಅದು. ಜೆನ್ಸ್ ಆಕ್ಸ್‌ಬೋ ಬರೆದದ್ದು, 2019ರಲ್ಲಿ ಲಿನಕ್ಸ್ 5.1ರಲ್ಲಿ ಬಂತು. ಬಹಳ ಒಳ್ಳೆಯ ಕೆಲಸ. ನಿಮ್ಮ ಪ್ರೋಗ್ರಾಂ ಮತ್ತು ಕರ್ನಲ್ (ಲಿನಕ್ಸ್‌ನ ತಿರುಳು) ಇಬ್ಬರೂ ಮುಟ್ಟಬಹುದಾದ ಎರಡು ಕ್ಯೂ ಇರುತ್ತವೆ. ಒಂದರಲ್ಲಿ ಕೆಲಸ ಇಡುತ್ತೀರಿ, ಇನ್ನೊಂದರಲ್ಲಿ ಮುಗಿದ ಸುದ್ದಿ ಬರುತ್ತದೆ. ಆದರೆ ಒಂದು ಕೆಲಸ ಇಟ್ಟು, ಅದರ ಸುದ್ದಿ ಬರುವ ತನಕ ಕಾದು, ಆಮೇಲೆ ಮುಂದಿನದು ಇಟ್ಟರೆ? ಅದೇ 10,000, ಸ್ವಲ್ಪ ಆಚೀಚೆ. ಸ್ಟೀಲ್ ಪಾತ್ರೆ ಹೋಗಿ ತಾಮ್ರದ ಪಾತ್ರೆ ಬಂತು, ಇಡ್ಲಿ ಒಂದೇ.

ಈಗ ತಪ್ಪು ಯಾರದ್ದು ಅಂತ ಹೇಳುತ್ತೇನೆ. ನನ್ನದು. ವರ್ಷಗಳ ಹಿಂದೆ ಲೈಬ್ರರಿಯ ಮೊದಲ ಆವೃತ್ತಿ ಬರೆದಾಗ ಎರಡು ದಾರಿ ಕೊಟ್ಟಿದ್ದೆ. ಒಂದು, ನೂರು ರಿಕ್ವೆಸ್ಟ್ ಒಟ್ಟಿಗೆ ಕೊಟ್ಟು, ಮುಗಿದವನ್ನು ಮುಗಿದ ಹಾಗೆ ತೆಗೆದುಕೊಳ್ಳುವುದು. ಇನ್ನೊಂದು, ಫೈಲ್, ಜಾಗ, ಅಳತೆ ಕೊಟ್ಟರೆ ಡೇಟಾ ಕೈಗೆ ಬರುವ ತನಕ ಕಾಯುವ ಪುಟ್ಟ ಫಂಕ್ಷನ್. ಹೆಸರು ಸಿಂಪಲ್ ರೀಡ್. "ಹೊಸಬರಿಗೆ ಸುಲಭ ಆಗಲಿ" ಅಂತ ಮ್ಯಾನೇಜರ್ ಹೇಳಿದರು, ನಾನೂ ಹೂಂ ಅಂದೆ. ಸಿಂಪಲ್ ಅಂತ ಹೆಸರಿಟ್ಟು ಪಕ್ಕದಲ್ಲಿ ಕಷ್ಟದ್ದು ಇಟ್ಟರೆ ಯಾರು ಅದನ್ನು ಮುಟ್ಟುತ್ತಾರೆ ಹೇಳಿ. ಎಲ್ಲ ಟೀಂಗಳೂ ಸಿಂಪಲ್ಲನ್ನೇ ಹಿಡಿದವು. ಅದರ ಮೇಲೆ ತಮ್ಮ ಕೋಡ್ ಕಟ್ಟಿದವು, ಆ ಕೋಡಿನ ಮೇಲೆ ಇನ್ನೊಬ್ಬರು ಕಟ್ಟಿದರು. ಈಗ ಬುಡ ಅಲ್ಲಾಡಿಸುವ ಹಾಗಿಲ್ಲ.

ಹಳೇ ಕಾಲದಲ್ಲಿ ಇದು ನಡೆಯುತ್ತಿತ್ತು. 7200 ಆರ್‌ಪಿಎಂ ಹಾರ್ಡ್ ಡಿಸ್ಕ್‌ನಲ್ಲಿ ಅರ್ಧ ಸುತ್ತಿಗೇ 4 ಮಿಲಿಸೆಕೆಂಡ್ ಬೇಕು. ಅಲ್ಲಿ ಇಲ್ಲಿ ಹರಡಿದ ಡೇಟಾ ಆದರೆ ಸೆಕೆಂಡಿಗೆ ನೂರು ರೀಡ್ ಬಂದರೆ ಪುಣ್ಯ. ಸಾಟಾ ಅನ್ನುವ ಹಳೇ ಜೋಡಣೆಯ ಡಿಸ್ಕ್‌ಗೆ ಇದ್ದದ್ದೂ ಒಂದೇ ಕ್ಯೂ, ಅದರಲ್ಲಿ 32 ಜಾಗ. 2011ರಲ್ಲಿ ಎನ್‌ವಿಎಂಇ ಬಂತು. ಈಗ ಕ್ಯೂಗಳೇ 64 ಸಾವಿರದ ತನಕ ಇರಬಹುದು, ಒಂದೊಂದರಲ್ಲೂ 64 ಸಾವಿರ ರಿಕ್ವೆಸ್ಟ್ ನಿಲ್ಲಬಹುದು. ಯಾವ ಡ್ರೈವ್ ನಿಜವಾಗಿ ಎಷ್ಟು ಕೊಡುತ್ತದೆ ಅನ್ನುವುದು ಬೇರೆ ಮಾತು. ದಾರಿ ಅಗಲವಾಯಿತು, ಫಂಕ್ಷನ್ ಮಾತ್ರ ಹಳೇದೇ. ಪೋಸ್ಟ್‌ಗ್ರೆಸ್ ನೋಡಿ. ಅಷ್ಟು ಪಳಗಿದವರ ಡೇಟಾಬೇಸ್‌ಗೂ ಓದುವ ಕೆಲಸಗಳನ್ನು ಕಾಯದೆ ಒಟ್ಟಿಗೆ ಕಳಿಸುವ ವ್ಯವಸ್ಥೆ ಬಂದದ್ದು 2025ರ 18ನೇ ಆವೃತ್ತಿಯಲ್ಲಿ, ವರ್ಷಗಟ್ಟಲೆ ಕೆಲಸದ ನಂತರ. ಕಟ್ಟಿದ ಮನೆಗೆ ಆಮೇಲೆ ಪೈಪ್ ಎಳೆಸಿದವರಿಗೆ ಈ ಕಷ್ಟ ಗೊತ್ತು.

"ನೂರು ಥ್ರೆಡ್ ಹಾಕಿ, ಪ್ರತಿಯೊಂದರಲ್ಲೂ ಸಿಂಪಲ್ ರೀಡ್ ಕರೆದರೆ?" ಅಂತ ಆ ಹುಡುಗ ಕೇಳಿದ. ಜಾಣ. ನಡೆಯುತ್ತದೆ, ಎಷ್ಟೋ ಕಡೆ ಅಷ್ಟೇ ಸಾಕು ಕೂಡ. ಆದರೆ ಪ್ರತಿ ರೀಡ್‌ಗೂ ಥ್ರೆಡ್, ಅಂದರೆ ಪ್ರೋಗ್ರಾಂ ಒಳಗೆ ಬೇರೆಯವುಗಳ ಜೊತೆಜೊತೆಗೇ ನಡೆಯುವ ಕೆಲಸದ ಎಳೆ, ಮಲಗಿ ಏಳಬೇಕು. ಲಕ್ಷಗಳ ಮಟ್ಟಕ್ಕೆ ಹೋದಾಗ ಸಿಪಿಯು ಆ ಎಬ್ಬಿಸುವ ಕೆಲಸದಲ್ಲೇ ಸುಸ್ತಾಗುತ್ತದೆ.

ಒಟ್ಟಿಗೆ ಕೊಡುವ ದಾರಿಗೆ ಬೆಲೆಯೂ ಇದೆ, ಮುಚ್ಚಿಡುವುದಿಲ್ಲ. ಮೊದಲನೆಯದು ಬಫರ್, ಅಂದರೆ ಓದಿದ ಡೇಟಾ ಬಂದು ಬೀಳುವ ಮೆಮೊರಿಯ ಜಾಗ. ಗಿರಣಿಗೆ ರಾಗಿ ಡಬ್ಬ ಕೊಟ್ಟು ಬಂದ ಮೇಲೆ, ಹಿಟ್ಟಾಗಿ ಕೈಗೆ ಬರುವ ತನಕ ಆ ಡಬ್ಬ ನಿಮ್ಮದಲ್ಲ. ನಡುವೆ ಹೋಗಿ ಅದರಲ್ಲಿ ಗೋಧಿ ತುಂಬಿಸುವ ಹಾಗಿಲ್ಲ. ಒಂದು ಟೀಂ ಇದನ್ನೇ ಮಾಡಿತ್ತು. ರಿಕ್ವೆಸ್ಟ್ ಕೊಟ್ಟ ತಕ್ಷಣ ಬಫರನ್ನು ಬೇರೆ ಕೆಲಸಕ್ಕೆ ಬಳಸಿಕೊಂಡರು. ಟೆಸ್ಟ್‌ನಲ್ಲಿ ಎಲ್ಲ ಸರಿ. ರಾತ್ರಿ ಲೋಡ್ ಏರಿದಾಗ ಮಾತ್ರ ಒಬ್ಬರ ಡೇಟಾದಲ್ಲಿ ಇನ್ನೊಬ್ಬರದ್ದು. ನಾಲ್ಕು ದಿನ ಹುಡುಕಿದೆವು. ಆಮೇಲಿಂದ ಬಫರ್‌ಗಳನ್ನು ಲೈಬ್ರರಿಯೇ ಕೊಡುತ್ತದೆ, ಡೈರೆಕ್ಟ್ ಐಓಗೆ (ಕರ್ನಲ್ ತನ್ನಲ್ಲಿ ಪ್ರತಿ ಇಟ್ಟುಕೊಳ್ಳದೆ ಡ್ರೈವ್‌ನಿಂದ ನೇರ ಓದುವುದಕ್ಕೆ) ಹೊಂದುವ 4096 ಬೈಟ್ ಗಡಿಗೆ ಜೋಡಿಸಿಯೇ ಕೊಡುತ್ತದೆ. ರಿಕ್ವೆಸ್ಟ್ ಕೊಟ್ಟ ಮೇಲೆ ಕೆಲಸ ಮುಗಿಯುವ ತನಕ ಅದನ್ನು ವಾಪಸ್ ಕೊಡುವುದಿಲ್ಲ.

ಎರಡನೆಯದು ಹಂಚಿಕೊಳ್ಳುವ ತಾಪತ್ರಯ. ಬ್ಯಾಕಪ್‌ನವರು ನಾಲ್ಕು ಸಾವಿರ ರಿಕ್ವೆಸ್ಟ್ ಒಮ್ಮೆಲೇ ಸುರಿದರೆ, ಹಿಂದೆ ಬಂದ ಗ್ರಾಹಕರ ಒಂದು ಪುಟ್ಟ ರೀಡ್ ಅಷ್ಟೂ ಹೊತ್ತು ಕಾಯುತ್ತದೆ. ಡ್ರೈವ್ ತುಂಬಿದ ಮೇಲೆ ಇನ್ನೂ ತುರುಕಿದರೆ ವೇಗ ಏರುವುದಿಲ್ಲ, ಕಾಯುವುದು ಮಾತ್ರ ಏರುತ್ತದೆ. ಅದಕ್ಕೇ ಪ್ರತಿ ಟೀಂಗೂ ಮಿತಿ ಇಟ್ಟಿದ್ದೇವೆ. ಮಿತಿ ಮುಟ್ಟಿದರೆ ಲೈಬ್ರರಿ "ಈಗ ಜಾಗ ಇಲ್ಲ" ಅಂತ ಉತ್ತರ ಕೊಡುತ್ತದೆ. ದಯವಿಟ್ಟು ಆ ಉತ್ತರ ಓದಿ. ಓದದೆ ಮತ್ತೆ ಮತ್ತೆ ಕೇಳುವ ಲೂಪ್ ಬರೆಯಬೇಡಿ.

ಎಲ್ಲರಿಗೂ ಇದು ಬೇಕು ಅಂತ ನಾನು ಹೇಳುತ್ತಿಲ್ಲ. ಡೇಟಾ ಪೂರ್ತಿ ಮೆಮೊರಿಯಲ್ಲೇ ಹಿಡಿಸಿದರೆ ಹಳೇ ರೀಡ್ ಸಾಕು. ಒಂದು ಓದಿದ ಮೇಲೇ ಮುಂದಿನ ಜಾಗ ಗೊತ್ತಾಗುವ ಕೆಲಸಗಳೂ ಇವೆ. ಬಿ-ಟ್ರೀ, ಅಂದರೆ ಡೇಟಾಬೇಸ್‌ಗಳು ಹುಡುಕಲು ಬಳಸುವ ಮರದಂಥ ಸೂಚಿ, ಇಳಿಯುವುದು ಹಾಗೆಯೇ. ಅಲ್ಲಿ ಒಂದು ಹುಡುಕಾಟವನ್ನು ಒಟ್ಟಿಗೆ ಮಾಡಲಾಗದು. ಆದರೆ ನೂರು ಜನರ ನೂರು ಹುಡುಕಾಟ ಒಟ್ಟಿಗೆ ಇಳಿಯಬಹುದು, ಅಲ್ವಾ? ಹಾಗಾಗಿ ಮೊದಲು ಅಳೆದು ನೋಡಿ. ಒಳಗೆ ಸರಾಸರಿ ಎಷ್ಟು ರಿಕ್ವೆಸ್ಟ್ ಇವೆ ಅಂತ ಲಿನಕ್ಸ್‌ನ ಐಓಸ್ಟ್ಯಾಟ್ ಕಮಾಂಡ್ ಹೇಳುತ್ತದೆ. ಅಲ್ಲಿ ಒಂದರ ಆಸುಪಾಸು ಇದ್ದರೆ ನನ್ನ ಹತ್ತಿರ ಬರುವ ಮೊದಲು ನಿಮ್ಮ ಕೋಡ್ ನೋಡಿಕೊಳ್ಳಿ.

ಸಿಂಪಲ್ ರೀಡ್ ತೆಗೆಯಲು ಆಗಲಿಲ್ಲ. ಹೋದ ತಿಂಗಳು ಹೆಸರು ಬದಲಾಯಿಸಿದೆ. ಈಗ ಅದು "ಒಂದನ್ನೇ ಓದಿ ಕಾಯು". ಹಳೇ ಹೆಸರು ಇನ್ನೂ ನಡೆಯುತ್ತದೆ, ಆದರೆ ಕಂಪೈಲ್ ಮಾಡುವಾಗ ಹಳದಿ ಎಚ್ಚರಿಕೆ ಬರುತ್ತದೆ. ಆ ಹುಡುಗ ಮೊನ್ನೆ ಮೆಸೇಜ್ ಹಾಕಿದ್ದ: "ಮೇಡಂ, ಆ ಎಚ್ಚರಿಕೆ ಬರದ ಹಾಗೆ ಮಾಡೋದು ಹೇಗೆ?"